ನಡುಹೊಳೆಯ ಚಾಪೆ

ಮನೆಯ ಖರ್ಚುವೆಚ್ಚ ಬರೆದಿಡುವ ನನ್ನ ದಿನಚರಿಯಲ್ಲಿ ೧೯೮೬ರ ಜೂನ್ ೯, ಸೋಮವಾರದ ಪುಟ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ. ಪ್ರಶ್ನೆ ನನ್ನ ಮಗಳು ಇಂದುಮತಿಯದು. ಕೇಳಿದ್ದು ಅವಳ ಗುರುಗಳಾದ ಗುರುಪಾದಯ್ಯ ಮೇಷ್ಟ್ರನ್ನು, ನಮ್ಮ ಮನೆಯ ಪಡಸಾಲೆಯಲ್ಲಿ.

“ಮೇಷ್ಟ್ರೇ, ಅಲ್ಲಿನ ಜನ ನನ್ನನ್ನು ನೋಡಿ ನಕ್ಕುಬಿಟ್ಟರೆ ಏನು ಮಾಡಲಿ?”

ಅಲ್ಲಿ ಎಂದರೆ ನೇಪಾಳದ ಗುಡ್ಡಗಾಡಿನ ಹಳ್ಳಿಗಳು. ಇಂದುಮತಿ ಸಮಾಜಕಾರ್ಯದಲ್ಲಿ ಎಂ.ಎ. ಓದುತ್ತಿದ್ದಳು. ಹೊರದೇಶದ ಕ್ಷೇತ್ರಕಾರ್ಯಕ್ಕೆ ಅವಳ ತರಗತಿಯಿಂದ ಆಯ್ಕೆಯಾದವಳು ಅವಳೊಬ್ಬಳೇ. ಆರು ತಿಂಗಳು ಅಲ್ಲಿದ್ದು ನೀರು, ದಾರಿ, ಶಾಲೆಯ ಕೆಲಸಗಳಿಗೆ ಕೈಜೋಡಿಸಬೇಕು. ಊರು ಊರಿನ ನಡುವೆ ವ್ಯಾಜ್ಯ ಹೇಗೆ ಹುಟ್ಟುತ್ತದೆ, ಹೇಗೆ ತೀರುತ್ತದೆ ಎಂಬುದನ್ನು ಇದ್ದು ಕಲಿಯಬೇಕು. ಪ್ರತಿ ಪರೀಕ್ಷೆಯಲ್ಲೂ ಮೊದಲು ಬಂದ ಹುಡುಗಿ ಅವಳು. ಕಲಿಯುವುದಕ್ಕೆ ಎಂದೂ ಹೆದರಿದವಳಲ್ಲ. ತಪ್ಪುವುದಕ್ಕೆ ಹೆದರುತ್ತಿದ್ದಳು. ಹೊರಡಲು ಒಂದೇ ವಾರ ಉಳಿದಿತ್ತು. ಬೇರೆ ಯಾರನ್ನಾದರೂ ಕಳಿಸಿ ಎಂದು ಕಾಲೇಜಿಗೆ ಹೇಳಿಬಿಡೋಣ ಎಂಬಲ್ಲಿಗೆ ಅವಳ ಮನಸ್ಸು ಬಂದಿತ್ತು.

ಮೇಷ್ಟ್ರು ಅವಲಕ್ಕಿಯ ತಟ್ಟೆ ಕೆಳಗಿಟ್ಟರು.

“ಒಂದು ಕತೆ ಹೇಳಲೇ?”

“ಕತೆ ಬೇಡ ಮೇಷ್ಟ್ರೇ. ಉತ್ತರ ಹೇಳಿ.”

“ಉತ್ತರ ನನಗೆ ಗೊತ್ತಿಲ್ಲವಲ್ಲ ಮಗಳೇ. ಕತೆ ಗೊತ್ತಿದೆ.”

ಹಾಗೆಂದು ಮೇಷ್ಟ್ರು ಹೇಳಿದ ಕತೆ ಇದು.

ಒಂದು ನಾಡಿನಲ್ಲಿ ಒಬ್ಬ ಗುರುವಿದ್ದ. ವ್ಯಾಜ್ಯ ಬಿಡಿಸುವ ವಿದ್ಯೆಯನ್ನು ಕಲಿಸುತ್ತಿದ್ದ. ಅವನ ಬಳಿ ಒಬ್ಬಳು ವಿದ್ಯಾರ್ಥಿನಿ ಇದ್ದಳು. ಹೇಳಿಕೊಟ್ಟ ಪಾಠದಲ್ಲಿ ಒಂದಕ್ಷರ ತಪ್ಪಿದವಳಲ್ಲ. ಜಗಳವಾಡುವವರನ್ನು ಎದುರುಬದುರು ಕೂರಿಸಬೇಕು. ನಡುವೆ ಒಂದು ಚಾಪೆ ಹಾಸಬೇಕು. ಇಬ್ಬರಿಗೂ ಒಂದೇ ಪಾತ್ರೆಯಿಂದ ಕುಡಿಯಲು ಕೊಡಬೇಕು. ಮೊದಲು ಅವರ ಮನಸ್ಸಿನ ಆಸೆಯನ್ನು ಕೇಳಬೇಕು, ದೂರನ್ನು ಆಮೇಲೆ. ಇದು ಪಾಠ. ಸಹಪಾಠಿಗಳನ್ನು ಕೂರಿಸಿಕೊಂಡು ಎಷ್ಟೋ ಸಲ ಅಭ್ಯಾಸ ಮಾಡಿದ್ದಳು. ಎಲ್ಲ ಸಲವೂ ವ್ಯಾಜ್ಯ ತೀರಿತ್ತು.

ಒಂದು ದಿನ ಗುರು ಕರೆದು ಹೇಳಿದ: “ಪಾಠ ಮುಗಿಯಿತು. ಇನ್ನು ಹೋಗಿ ಕಲಿತು ಬಾ.”

ಅವಳು ಗಡಿ ದಾಟಿ ಬೇರೆ ದೇಶಕ್ಕೆ ಹೋದಳು. ಆ ದೇಶದಲ್ಲಿ ಒಂದು ಹೊಳೆ. ಹೊಳೆಯ ಮೂಡಲ ದಂಡೆಯಲ್ಲಿ ಒಂದು ಊರು, ಪಡುವಲ ದಂಡೆಯಲ್ಲಿ ಒಂದು ಊರು. ಎರಡಕ್ಕೂ ಸೇರಿ ಒಂದೇ ದೋಣಿ. ಬೇಸಗೆಯಲ್ಲಿ ಹೊಳೆ ಮೊಣಕಾಲಿಗೆ ಬರುತ್ತಿತ್ತು, ದೋಣಿ ಬೇಕಿರಲಿಲ್ಲ. ಮಳೆ ಬಿದ್ದ ಮೇಲೆ ದೋಣಿಯಿಲ್ಲದೆ ನಾಯಿಯೂ ದಾಟುವಂತಿರಲಿಲ್ಲ.

ದೋಣಿಯನ್ನು ಯಾವ ದಂಡೆಗೆ ಕಟ್ಟಬೇಕು ಎಂಬುದೇ ಜಗಳ. ನಮ್ಮ ಕಡೆ ಎಂದು ಇವರು, ನಮ್ಮ ಕಡೆ ಎಂದು ಅವರು. ಮಾತು ಬೆಳೆಯಿತು. ಮೂಡಲದವರು ದೋಣಿಯನ್ನು ಎಳೆದುಕೊಂಡು ಹೋಗಿ ತಮ್ಮ ಹುಣಸೆಮರಕ್ಕೆ ಕಟ್ಟಿಹಾಕಿದರು. ಪಡುವಲದವರು ಬೇಸಗೆ ಬರುವವರೆಗೆ ಕಾದು, ಹೊಳೆ ದಾಟಿ ಬಂದು, ಹುಟ್ಟುಗೋಲುಗಳನ್ನು ಹೊತ್ತುಕೊಂಡು ಹೋದರು. ಈಗ ದೋಣಿ ಮೂಡಲದಲ್ಲಿ, ಹುಟ್ಟುಗೋಲು ಪಡುವಲದಲ್ಲಿ. ಇವರು ದೋಣಿಯಲ್ಲಿ ಮೆಣಸಿನಕಾಯಿ ಒಣಗಿಸಿದರು. ಅವರು ಹುಟ್ಟುಗೋಲಿನ ಮೇಲೆ ಬಟ್ಟೆ ಹರವಿದರು.

ಮೂಡಲದ ಯಜಮಾನ ಒಬ್ಬ ರೈತ. ಪಡುವಲದ ಯಜಮಾನಿ ಒಬ್ಬಳು ಸೂಲಗಿತ್ತಿ. ಅವಳನ್ನು ಯಾರೂ ಯಜಮಾನಿ ಎಂದು ಆರಿಸಿದ್ದಲ್ಲ. ಊರಿನವರೆಲ್ಲ ಅವಳ ಕೈಯಲ್ಲೇ ಹುಟ್ಟಿದವರಾದ್ದರಿಂದ ಅವಳಿಗೆ ಎದುರಾಡುವ ಬಾಯಿ ಯಾರಿಗೂ ಇರಲಿಲ್ಲ. ರೈತನ ಸೊಸೆಗೆ ತಿಂಗಳು ತುಂಬುತ್ತಿತ್ತು. ಎರಡು ದಂಡೆಗೂ ಅವಳೊಬ್ಬಳೇ ಸೂಲಗಿತ್ತಿ. ಮಳೆ ಬೀಳುವುದರೊಳಗೆ ದೋಣಿಗೆ ಹುಟ್ಟುಗೋಲು ಸೇರಬೇಕು. ಇದು ರೈತನಿಗೂ ಗೊತ್ತಿತ್ತು, ಸೂಲಗಿತ್ತಿಗೂ ಗೊತ್ತಿತ್ತು. ಮೊದಲು ಯಾರು ಕೇಳಬೇಕು ಎಂಬುದಷ್ಟೇ ಗೊತ್ತಿರಲಿಲ್ಲ.

ವಿದ್ಯಾರ್ಥಿನಿ ಎರಡೂ ಊರಲ್ಲಿ ಓಡಾಡಿದಳು. ಜೊತೆಗೊಬ್ಬ ದುಭಾಷಿ. ಎಲ್ಲರ ಮಾತನ್ನೂ ಕೇಳಿದಳು. ರೈತನ ಸೊಸೆಯನ್ನು ಕಂಡಳು. ಆ ಹುಡುಗಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಹೊಳೆಯ ಕಡೆಗೇ ನೋಡುತ್ತಿದ್ದಳು.

“ಅಕ್ಕಾ, ನೀನು ಜಗಳ ಬಿಡಿಸಲು ಬಂದವಳಂತೆ,” ಎಂದಳು ಸೊಸೆ. “ಬೇಗ ಬಿಡಿಸು. ಒಳಗಿರುವುದಕ್ಕೆ ಈ ಜಗಳ ಗೊತ್ತಿಲ್ಲ. ಅದು ಹೊತ್ತು ನೋಡಿ ಬರುವುದಿಲ್ಲ.”

ಆ ಮಾತು ವಿದ್ಯಾರ್ಥಿನಿಯ ಎದೆಯಲ್ಲಿ ಕೂತುಬಿಟ್ಟಿತು. ಇನ್ನು ತಡಮಾಡಬಾರದು ಎಂದುಕೊಂಡಳು. ಮರುದಿನ ಬೆಳಿಗ್ಗೆ ಎರಡೂ ಕಡೆಯವರು ಬರಬೇಕು ಎಂದು ಹೇಳಿ ಕಳಿಸಿದಳು. ಮೂಡಲದಲ್ಲಿ ಸೇರಿದರೆ ಪಡುವಲಕ್ಕೆ ಅವಮಾನ, ಪಡುವಲದಲ್ಲಿ ಸೇರಿದರೆ ಮೂಡಲಕ್ಕೆ ಅವಮಾನ. ಆದ್ದರಿಂದ ಹೊಳೆಯ ನಡುವೆ ಒಣಗಿದ್ದ ಮರಳದಿಬ್ಬವನ್ನು ಆರಿಸಿದಳು. ತನ್ನೂರಿನಿಂದ ತಂದಿದ್ದ ಚಾಪೆ ಹಾಸಿದಳು. ಬರೀ ನೀರು ಕೊಡುವುದು ಚೆನ್ನಾಗಿರುವುದಿಲ್ಲ ಎಂದು ಒಂದು ಗಡಿಗೆಯಲ್ಲಿ ಬೆಲ್ಲದ ನೀರು ಕದಡಿದಳು.

“ನಿಂಬೆಹಣ್ಣು ಹಿಂಡಿದ್ದಳೇ?” ಎಂದು ನಾನು ಕೇಳಿದೆ.

“ಅಷ್ಟು ವಿವರ ಕತೆಯಲ್ಲಿಲ್ಲ ಅಕ್ಕ,” ಎಂದರು ಮೇಷ್ಟ್ರು. “ಬೇಕಾದರೆ ನೀವು ಹಿಂಡಿಕೊಳ್ಳಿ.”

ಇಂದುಮತಿ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಮೇಷ್ಟ್ರು ಮುಂದುವರಿಸಿದರು.

ಬೆಳಿಗ್ಗೆ ಎರಡೂ ಊರಿನವರು ಮರಳದಿಬ್ಬದ ಕಡೆಗೆ ಬಂದರು. ಚಾಪೆಯನ್ನು ಕಂಡದ್ದೇ ತಡ, ಎಲ್ಲರ ಕಾಲೂ ನಿಂತವು. ಗುಜುಗುಜು ಶುರುವಾಯಿತು. ಹೆಂಗಸರು ಸೆರಗು ಸರಿಮಾಡಿಕೊಂಡರು. ರೈತ ತಲೆಯ ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಸೂಲಗಿತ್ತಿ ಹೊಳೆಯ ನೀರಿನಲ್ಲಿ ಮುಖ ತೊಳೆದುಕೊಂಡಳು. ನನ್ನ ಸಭೆಗೆ ಎಷ್ಟು ಮರ್ಯಾದೆ ಕೊಡುತ್ತಾರೆ ಎಂದು ವಿದ್ಯಾರ್ಥಿನಿಗೆ ಹಿಗ್ಗಾಯಿತು. ದುಭಾಷಿ ಮಾತ್ರ ಬೆವರುತ್ತಿದ್ದ.

“ತಾಯೀ, ಒಂದು ಮಾತು,” ಎಂದ.

“ಸಭೆ ಸೇರಿದ ಮೇಲೆ ದುಭಾಷಿ ತನ್ನ ಮಾತು ಆಡಬಾರದು,” ಎಂದಳು ಅವಳು. ಅದೂ ಪಾಠದಲ್ಲಿತ್ತು.

ಅವನು ಹಿಂದೆ ಸರಿದು ನಿಂತ.

ಆ ದೇಶದ ರೂಢಿ ಬೇರೆ ಇತ್ತು. ಅಲ್ಲಿನವರು ಮಾತಾಡುವಾಗ ಪಕ್ಕಪಕ್ಕದಲ್ಲಿ ಕೂರುತ್ತಿದ್ದರು. ಹೊಳೆಯನ್ನೋ ಹೊಲವನ್ನೋ ನೋಡುತ್ತ ಮಾತಾಡುತ್ತಿದ್ದರು. ವ್ಯಾಪಾರವೂ ಹಾಗೆಯೇ, ಜಗಳವೂ ಹಾಗೆಯೇ. ಎದುರುಬದುರು ಕೂತು, ನಡುವೆ ಚಾಪೆ ಹಾಸಿ, ಒಂದೇ ಗಡಿಗೆಯ ಬೆಲ್ಲದ ನೀರು ಕುಡಿಯುವುದು ಒಂದೇ ಒಂದು ಕೆಲಸಕ್ಕೆ. ಅದು ಹೆಣ್ಣು ಕೇಳುವುದಕ್ಕೆ. ಹಾಸಿದ ಚಾಪೆಗೆ ಬೆನ್ನು ತಿರುಗಿಸಿದರೆ ಆ ಮನೆಗೆ ಏಳು ತಲೆಮಾರು ಸಂಬಂಧ ಕೂಡಿಬರುವುದಿಲ್ಲ ಎಂದು ಅವರ ನಂಬಿಕೆ.

ಸೂಲಗಿತ್ತಿ ಅಂದುಕೊಂಡಳು: ಓಹೋ, ರೈತನಿಗೆ ಬುದ್ಧಿ ಬಂತು. ಬಾಯಿಬಿಟ್ಟು ಕೇಳಲು ನಾಚಿಕೆಯಾಗಿ ಈ ಪರದೇಶದ ಹುಡುಗಿಯ ಕೈಲಿ ಚಾಪೆ ಹಾಸಿಸಿದ್ದಾನೆ.

ರೈತ ಅಂದುಕೊಂಡ: ಓಹೋ, ಮುದುಕಿ ಮೆತ್ತಗಾದಳು. ತಾನೇ ಬಂದರೆ ಸೋತಂತೆ ಎಂದು ಇವಳನ್ನು ಮುಂದೆ ಮಾಡಿದ್ದಾಳೆ.

ಇಬ್ಬರೂ ಗಂಭೀರವಾಗಿ ಬಂದು ಕೂತರು. ವಿದ್ಯಾರ್ಥಿನಿ ಗಡಿಗೆ ಮುಂದಿಟ್ಟಳು. ರೈತ ಕುಡಿದ. ಸೂಲಗಿತ್ತಿ ಕುಡಿದಳು. ವಿದ್ಯಾರ್ಥಿನಿ ಎದ್ದುನಿಂತು, ಕಲಿತ ಮಾತನ್ನು ಕಲಿತಂತೆಯೇ ಹೇಳಿದಳು: “ಎರಡೂ ಕಡೆಯವರು ತಮ್ಮ ಮನಸ್ಸಿನ ಆಸೆ ಹೇಳಲಿ.”

ದುಭಾಷಿ ಕಣ್ಣುಮುಚ್ಚಿಕೊಂಡು ಅದನ್ನು ಹೇಳಿದ. ಹೆಣ್ಣು ಕೇಳುವ ಶಾಸ್ತ್ರದಲ್ಲಿ ಮೊದಲ ಮಾತೂ ಅದೇ ಆಗಿತ್ತು.

ರೈತ ಸೂಲಗಿತ್ತಿಯ ಬಾಯನ್ನೇ ನೋಡಿದ. ಸೂಲಗಿತ್ತಿ ರೈತನ ಬಾಯನ್ನೇ ನೋಡಿದಳು. ಎರಡೂ ಊರು ಇಬ್ಬರನ್ನೂ ನೋಡಿತು. ಕೊನೆಗೆ ಸೂಲಗಿತ್ತಿಗೆ ತಡೆಯಲಾಗಲಿಲ್ಲ.

“ಕೇಳಪ್ಪಾ. ಬಂದವನು ಕೇಳಬೇಕು ತಾನೇ? ನಮ್ಮಲ್ಲಿ ಯಾವ ಹೆಣ್ಣಿನ ಮೇಲೆ ಕಣ್ಣು ಬಿತ್ತು?”

“ನಾನು ಕೇಳುವುದೇ? ಕೇಳಲು ಬಂದವಳು ನೀನಲ್ಲವೇ?”

“ನಾನ್ಯಾಕೆ ಬರಲಿ? ಚಾಪೆ ಹಾಸಿಸಿದವನು ನೀನು!”

“ನನ್ನ ಮನೆಯಲ್ಲಿ ಇಂಥ ಚಾಪೆ ಎಲ್ಲಿದೆ? ನಮ್ಮ ಚಾಪೆಗೆಲ್ಲ ತೂತು!”

ಇಬ್ಬರೂ ವಿದ್ಯಾರ್ಥಿನಿಯ ಕಡೆಗೆ ತಿರುಗಿದರು. “ಏನಮ್ಮ, ಯಾರಿಗೆ ಯಾರನ್ನು ಕೇಳುತ್ತಿದ್ದೀಯ?”

ದುಭಾಷಿ ಸಣ್ಣ ದನಿಯಲ್ಲಿ “ಯಾರಿಗೆ ಯಾರು ಎಂದು ಕೇಳುತ್ತಿದ್ದಾರೆ” ಎಂದಷ್ಟೇ ಹೇಳಿದ. ತನ್ನ ಮಾತು ಆಡಬಾರದಲ್ಲ. ಯಾವ ಊರಿಗೆ ಯಾವುದು ಸೇರಬೇಕು ಎಂದು ಕೇಳುತ್ತಿದ್ದಾರೆ ಎಂದು ಅವಳು ತಿಳಿದಳು. ಪಕ್ಷಪಾತ ಮಾಡಬಾರದು. ಎರಡೂ ಕೈಗಳನ್ನು ಎರಡು ದಂಡೆಯ ಕಡೆಗೆ ಚಾಚಿ ಹೇಳಿದಳು:

“ಇವರ ಹತ್ತಿರ ದೋಣಿ ಇದೆ. ಅವರ ಹತ್ತಿರ ಹುಟ್ಟುಗೋಲು ಇದೆ. ಎರಡೂ ಕೂಡಿಬಾಳಲಿ.”

ದುಭಾಷಿ ಹೇಳಿದ.

ಆಮೇಲೆ ಸೂಲಗಿತ್ತಿಯ ಹೊಟ್ಟೆ ಕುಲುಕಿತು. ಮೊದಲು ಹೊಟ್ಟೆ, ಆಮೇಲೆ ಹೆಗಲು, ಆಮೇಲೆ ಇಡೀ ಮುದುಕಿ. “ಅಯ್ಯೋ ನನ್ನಪ್ಪಾ! ನಿನ್ನ ದೋಣಿಗೆ ನನ್ನ ಹುಟ್ಟುಗೋಲು ಕೇಳುತ್ತಿದ್ದಾಳೋ!” ರೈತ ನಗಬಾರದು ಎಂದು ಮೀಸೆ ಕಚ್ಚಿಕೊಂಡ. ಆಗಲಿಲ್ಲ. ಹಿಂದಕ್ಕೆ ಬಿದ್ದು ಮರಳಿನಲ್ಲಿ ಉರುಳಾಡಿದ. ಎರಡೂ ಊರು ಒಬ್ಬರ ಹೆಗಲನ್ನೊಬ್ಬರು ಹಿಡಿದುಕೊಂಡು ನಕ್ಕಿತು. ಹಿಡಿದದ್ದು ಯಾವ ಊರಿನ ಹೆಗಲು ಎಂದು ಯಾರೂ ನೋಡಲಿಲ್ಲ.

“ಜಾತಕ ನೋಡಿಸಿದಿರಾ?” ಎಂದು ಪಡುವಲದವನೊಬ್ಬ ಕೂಗಿದ.

“ನಮ್ಮ ಹುಡುಗಿಗೆ ಮೆಣಸಿನಕಾಯಿ ಒಣಗಿಸುವುದು ಬಿಟ್ಟು ಬೇರೆ ಕೆಲಸ ಬಾರದಪ್ಪೋ!” ಎಂದು ಮೂಡಲದಿಂದ ಉತ್ತರ ಬಂತು.

ಆಗ ದುಭಾಷಿ ಹತ್ತಿರ ಬಂದು, ಹೇಳಬೇಕೆಂದಿದ್ದ ಆ ಒಂದು ಮಾತನ್ನು ಹೇಳಿದ. ವಿದ್ಯಾರ್ಥಿನಿಯ ಕಿವಿ ಕೆಂಪಗಾಯಿತು. ಅವಳಿಗೆ ಗುರುವಿನ ಮುಖ ನೆನಪಾಯಿತು. ಚೌಕಟ್ಟು ಹಿಡಿದು ನಿಂತ ಹುಡುಗಿಯ ಮುಖ ನೆನಪಾಯಿತು. ಕೆಲಸ ಕೆಟ್ಟಿತು ಎಂದುಕೊಂಡಳು. ಬಗ್ಗಿ ಚಾಪೆ ಸುತ್ತತೊಡಗಿದಳು. ಅಂದೇ ಊರಿಗೆ ಹೊರಟುಬಿಡುವುದು ಎಂದು ಮನಸ್ಸು ಮಾಡಿದಳು.

ಸೂಲಗಿತ್ತಿ ಚಾಪೆಯ ಇನ್ನೊಂದು ತುದಿಯನ್ನು ಕಾಲಿನಿಂದ ಒತ್ತಿ ಹಿಡಿದಳು.

“ಎಲ್ಲಿಗೆ ಹೊರಟೆ?”

“ತಪ್ಪಾಯಿತು ಅಜ್ಜೀ. ನನಗೆ ನಿಮ್ಮ ರೂಢಿ ಗೊತ್ತಿರಲಿಲ್ಲ. ಇದನ್ನು ಮರೆತುಬಿಡಿ.”

“ಮರೆಯುವುದು ಹೇಗೆ? ಬೆಲ್ಲದ ನೀರು ಹೊಟ್ಟೆಗೆ ಹೋಯಿತಲ್ಲ.” ಮುದುಕಿ ಕಣ್ಣೊರೆಸಿಕೊಂಡು ರೈತನ ಕಡೆಗೆ ತಿರುಗಿದಳು. “ಏನಪ್ಪಾ, ಕೇಳಿದ್ದು ಕೇಳಿದ್ದೇ ತಾನೇ?”

ರೈತನೂ ಎದ್ದು ಕೂತ. ಮೈಮೇಲಿನ ಮರಳು ಕೊಡವಿಕೊಂಡ. ಅವನಿಗೂ ರೂಢಿ ಗೊತ್ತಿತ್ತು. ಹೆಣ್ಣು ಕೇಳಿದ ಮೇಲೆ ಉತ್ತರ ಬರುವವರೆಗೆ ಎರಡು ಕಡೆಯವರೂ ಅರ್ಧ ಬೀಗರು. ಒಬ್ಬರ ದಾರಿಗೆ ಒಬ್ಬರು ಅಡ್ಡ ಬರುವಂತಿಲ್ಲ. ಒಬ್ಬರು ಕೇಳಿದ ಸಹಾಯಕ್ಕೆ ಇನ್ನೊಬ್ಬರು ಇಲ್ಲ ಎನ್ನುವಂತಿಲ್ಲ. ಮನೆಯ ಹಿರಿಯರು ಕೂತರೆ ಮನೆಗೆ ಕಟ್ಟು. ಊರಿನ ಹಿರಿಯರು ಕೂತರೆ ಊರಿಗೇ ಕಟ್ಟು.

“ಕೇಳಿದ್ದು ಕೇಳಿದ್ದೇ,” ಎಂದ ರೈತ. “ಉತ್ತರ ಯಾವಾಗ ಕೊಡುತ್ತೀಯ?”

“ಗಂಡಿನ ಕಡೆಯವರು ನಾವು. ಯೋಚಿಸಬೇಕಾಗುತ್ತದೆ. ಅಲ್ಲಿಯವರೆಗೆ ಗಂಡು ಬಂದು ಹೆಣ್ಣಿನ ಜೊತೆ ಇರಲಿ. ಹೊಂದಿಕೆಯಾಗುತ್ತದೋ ಇಲ್ಲವೋ ನೋಡೋಣ.”

“ನಮ್ಮ ದೇಶದಲ್ಲಿ ಹಾಗೆ ಮದುವೆಗೆ ಮೊದಲೇ ಕಳಿಸುವ ಪದ್ಧತಿ ಇಲ್ಲವಲ್ಲ!”

“ಮರದ ಮಕ್ಕಳಿಗೆ ಯಾವ ಪದ್ಧತಿಯೋ! ನಿನ್ನನ್ನು ತಲೆಕೆಳಗಾಗಿ ಹಿಡಿದು ಬೆನ್ನಿಗೆ ಎರಡು ಬಿಟ್ಟವಳು ನಾನು. ಆಗ ಅತ್ತವನು ಈಗ ಬಾಯಿ ಮಾಡುತ್ತೀಯ?”

ಅಂದೇ ಪಡುವಲದ ಹುಡುಗರು ಹುಟ್ಟುಗೋಲುಗಳಿಗೆ ಅರಿಸಿನ ಬಳಿದು, ಬಾಯಲ್ಲೇ ವಾಲಗ ಊದುತ್ತ ಹೊಳೆ ದಾಟಿದರು. ಮೂಡಲದವರು ಮೆಣಸಿನಕಾಯಿ ಗುಡಿಸಿ, ದೋಣಿಗೆ ಎಣ್ಣೆ ಹಚ್ಚಿ, ಮೂತಿಗೆ ಕುಂಕುಮವಿಟ್ಟರು. ಘಾಟಿಗೆ ಎಲ್ಲರೂ ಸೀನಿದರು. ಸೀನು ಅಪಶಕುನ ಎಂದು ಯಾರೋ ಅಂದರು. ಎರಡೂ ಕಡೆಯವರು ಸಮನಾಗಿ ಸೀನಿದ್ದರಿಂದ ಅದು ಲೆಕ್ಕಕ್ಕಿಲ್ಲ ಎಂದು ಇನ್ಯಾರೋ ಅಂದರು.

ಆ ವಾರವೇ ಮಳೆ ಬಿತ್ತು. ಮರಳದಿಬ್ಬ ಮುಳುಗಿತು. ಹೊಳೆ ಕೆಂಪಗಾಗಿ ಎರಡೂ ದಂಡೆಯನ್ನು ಮುಟ್ಟಿತು. ಒಂದು ಮಧ್ಯಾಹ್ನ ರೈತನ ಸೊಸೆಗೆ ನೋವು ಕಾಣಿಸಿಕೊಂಡಿತು. ದೋಣಿ ಹೋಯಿತು, ದೋಣಿ ಬಂತು. ದೋಣಿಯಿಂದ ಇಳಿದ ಸೂಲಗಿತ್ತಿ ಎಲ್ಲಕ್ಕಿಂತ ಮೊದಲು ವಿದ್ಯಾರ್ಥಿನಿಯನ್ನು ಕರೆದಳು.

“ಬಾರೇ ಸಂಬಂಧ ಹಚ್ಚುವವಳೇ. ಬಿಸಿನೀರು ಹಿಡಿದುಕೊ. ಇದಕ್ಕೆ ದುಭಾಷಿ ಬೇಡ.”

ವಿದ್ಯಾರ್ಥಿನಿ ಒಳಗೆ ಹೋದಳು. ಏನು ಮಾಡಬೇಕು ಎಂದು ಅವಳ ಪಾಠದಲ್ಲಿರಲಿಲ್ಲ. ಮುದುಕಿ ಕಣ್ಣು ತೋರಿಸಿದ ಕಡೆ ಕೈಯಿಟ್ಟಳು. ಸೊಸೆ ಅವಳ ಮುಂಗೈಯನ್ನು ಬಳೆ ಒಡೆಯುವಂತೆ ಹಿಡಿದುಕೊಂಡಳು. ಸಂಜೆಯ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಅದರ ಮೊದಲ ಕೂಗು ಕೇಳಿ ಆಚೆ ದಂಡೆಯವರೂ ಕೇಕೆ ಹಾಕಿದರಂತೆ. ಹೊಳೆಯ ಸದ್ದಿನಲ್ಲಿ ಅವರಿಗೆ ಹೇಗೆ ಕೇಳಿಸಿತೋ ತಿಳಿಯದು.

ರೈತ ಹೊರಗೆ ಕಾಯುತ್ತಿದ್ದ. ಮೊಮ್ಮಗಳನ್ನು ಎತ್ತಿಕೊಂಡ. ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ಕೇಳಿದ: “ಉತ್ತರ ತಂದೆಯಾ?”

“ಉತ್ತರ ಕೊಟ್ಟರೆ ಮಾತು ಮುಗಿದುಹೋಗುತ್ತದೆ,” ಎಂದಳು ಸೂಲಗಿತ್ತಿ. “ಮುಗಿದ ಮೇಲೆ ಮತ್ತೆ ಜಗಳ ಶುರು. ನನಗೆ ವಯಸ್ಸಾಯಿತಪ್ಪ, ಹುಟ್ಟುಗೋಲು ಹೊರಲಾರೆ. ಇನ್ನೂ ಯೋಚಿಸುತ್ತಿದ್ದೇನೆ.”

ಮಳೆಗಾಲ ಮುಗಿದ ಮೇಲೆ ವಿದ್ಯಾರ್ಥಿನಿ ಹೊರಟು ನಿಂತಳು. ಸಂಬಂಧ ಹಚ್ಚಿದವರು ಉತ್ತರ ಬರುವ ಮೊದಲು ಊರು ಬಿಡುವಂತಿಲ್ಲ ಎಂದು ಎರಡೂ ಕಡೆಯವರು ಒಂದಾಗಿ ತಕರಾರು ಮಾಡಿದರು. ಅವರು ಒಂದಾಗಿ ಮಾಡಿದ ಮೊದಲ ತಕರಾರು ಅದು. ಕೊನೆಗೆ ಅವಳಿಗೆ ಬದಲಾಗಿ ಚಾಪೆಯನ್ನು ಇಟ್ಟುಕೊಂಡು ಬಿಟ್ಟುಕೊಟ್ಟರು.

ಇಂದಿಗೂ ಬೇಸಗೆ ಬಂದರೆ ಆ ಚಾಪೆಯನ್ನು ಮರಳದಿಬ್ಬದ ಮೇಲೆ ಹಾಸುತ್ತಾರೆ. ಎರಡು ಊರಿನ ಹಿರಿಯರು ಎದುರುಬದುರು ಕೂರುತ್ತಾರೆ. ಬೆಲ್ಲದ ನೀರು ಕುಡಿಯುತ್ತಾರೆ. “ಉತ್ತರ ಏನಾಯಿತು?” ಎಂದು ಮೂಡಲದವರು ಕೇಳುತ್ತಾರೆ. “ಇನ್ನೂ ಯೋಚಿಸುತ್ತಿದ್ದೇವೆ” ಎಂದು ಪಡುವಲದವರು ಹೇಳುತ್ತಾರೆ. ದೋಣಿ ಒಂದು ದಿನ ಈ ದಂಡೆಯಲ್ಲಿರುತ್ತದೆ, ಒಂದು ದಿನ ಆ ದಂಡೆಯಲ್ಲಿರುತ್ತದೆ. ಕೊನೆಯಲ್ಲಿ ದಾಟಿದವರು ಎಲ್ಲಿ ಇಳಿದರೋ ಅಲ್ಲಿ.

ಮೇಷ್ಟ್ರು ಕತೆ ನಿಲ್ಲಿಸಿ ಮತ್ತೆ ಅವಲಕ್ಕಿಯ ತಟ್ಟೆ ಎತ್ತಿಕೊಂಡರು.

ಇಂದುಮತಿ ನಗುತ್ತಲೇ ಇದ್ದಳು. ನಾನೂ ನಗುತ್ತಿದ್ದೆ. ಆದರೂ ಕೇಳುವುದನ್ನು ಕೇಳಬೇಕಲ್ಲ.

“ಮೇಷ್ಟ್ರೇ, ಇಷ್ಟಕ್ಕೆಲ್ಲ ಒಟ್ಟು ಏನು ಖರ್ಚಾಯಿತು?”

“ಒಂದು ಚಾಪೆ, ಒಂದು ಗಡಿಗೆ ಬೆಲ್ಲದ ನೀರು,” ಎಂದರು ಮೇಷ್ಟ್ರು. “ಆಮೇಲೆ ಆ ಹುಡುಗಿಯ ಬಿಗುಮಾನ.”

ಇಂದುಮತಿಯ ನಗು ನಿಧಾನವಾಗಿ ಇಳಿಯಿತು. ಅವಳ ಪ್ರಶ್ನೆ ಇನ್ನೂ ಹಾಗೆಯೇ ಇತ್ತು.

“ಏನೇ ಆದರೂ, ಆ ಜನ ಅವಳನ್ನು ನೋಡಿ ನಕ್ಕುಬಿಟ್ಟರಲ್ಲ ಮೇಷ್ಟ್ರೇ?”

“ನಕ್ಕರು ಮಗಳೇ. ಎರಡೂ ಊರಿನವರು, ಒಟ್ಟಿಗೆ.”

ಮೇಷ್ಟ್ರು ಹೊರಟಾಗ ಇಂದುಮತಿ ಬಾಗಿಲವರೆಗೆ ಹೋಗಿ ಚಪ್ಪಲಿ ಜೋಡಿಸಿಟ್ಟಳು. ಬಂದು ಪೆಟ್ಟಿಗೆ ತೆರೆದು ಬಟ್ಟೆ ತುಂಬತೊಡಗಿದಳು.

ಮರುದಿನದ ಪುಟದಲ್ಲಿ ಖರ್ಚು ಒಂದೇ ಇದೆ: ಇಂದುಮತಿಯ ಪ್ರಯಾಣಕ್ಕೆ ಚಾಪೆ ಒಂದು, ಹದಿನಾಲ್ಕು ರೂಪಾಯಿ.